ಯುದ್ಧದಲ್ಲಿ ‘ಅನುಪಾತ’ ಅಂದರೆ ಹೆಣಗಳ ಭಾಗಾಕಾರವೇ? ಗಾಜಾ, ಇಸ್ರೇಲ್ ಮತ್ತು ನಾಗರಿಕರ ಸಾವಿನ ಲೆಕ್ಕ

ಹೊಂಗೆನೆರಳು:
ಕಾಲೇಜು ಚರ್ಚಾಕೂಟಕ್ಕೆ ಒಂದು ಹಿನ್ನೆಲೆ ಟಿಪ್ಪಣಿ ಬೇಕು, ವಿಷಯ ತಿಳಿದವರು ನೆರವಾಗಿ. ಈ ವಿಷಯ ಎತ್ತಿದರೆ ಎರಡೇ ಮಾತು ಕೇಳಿಬರುತ್ತವೆ. ಒಂದು ಕಡೆಯವರು: 2023ರ ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ಸತ್ತವರು ಸುಮಾರು 1,200. ಗಾಜಾದಲ್ಲಿ, ಅಲ್ಲಿನ ಆರೋಗ್ಯ ಸಚಿವಾಲಯದ ಪ್ರಕಾರ, 2025ರ ಅಕ್ಟೋಬರ್ ಕದನವಿರಾಮದ ಹೊತ್ತಿಗೆ 67,000 ದಾಟಿದೆ. ಒಂದಕ್ಕೆ ಐವತ್ತಕ್ಕೂ ಹೆಚ್ಚು, ಅನುಪಾತ ಎಲ್ಲಿ ಉಳಿಯಿತು? ಇನ್ನೊಂದು ಕಡೆಯವರು: ಹಮಾಸ್ ಜನರ ನಡುವೆ ಅಡಗಿದೆ, ಹಾಗಾಗಿ ಪಾಪವೆಲ್ಲ ಅದರದ್ದೇ. ಎರಡೂ ಎರಡು ನಿಮಿಷದಲ್ಲಿ ಚರ್ಚೆ ಮುಗಿಸುವ ಮಾತುಗಳು. ನನಗೆ ಬೇಕಿರುವುದು ಬೇರೆ. ಒಂದೇ ಒಂದು ದಾಳಿಯನ್ನು ಎತ್ತಿಕೊಂಡರೆ ಅದು ಸರಿಯೋ ತಪ್ಪೋ ಅಂತ ಯಾರು, ಯಾವ ಹೊತ್ತಿನಲ್ಲಿ, ಏನನ್ನು ತೂಗಿ ಹೇಳುತ್ತಾರೆ? ಘೋಷಣೆ ಬೇಡ, ದಯವಿಟ್ಟು.

ಕಲಂ57:
ಮೊದಲು ಆ ಪದವನ್ನೇ ಪಕ್ಕಕ್ಕಿಡಿ ಮೇಡಂ. ‘ಅನುಪಾತ’ ಅಂದ ಕೂಡಲೇ ಗಣಿತದ ಮೇಷ್ಟ್ರು ನೆನಪಾಗಿ ಭಾಗಾಕಾರ ಶುರುವಾಗುತ್ತದೆ. ಜಿನೀವಾ ಒಪ್ಪಂದಗಳಿಗೆ ಸೇರಿಸಿದ 1977ರ ಒಂದನೇ ಹೆಚ್ಚುವರಿ ಪ್ರೋಟೊಕಾಲ್‌ನ ಕಲಂ 51(5)(ಬಿ) ಕೇಳುವುದು ಇಷ್ಟು: ಈ ದಾಳಿಯಿಂದ ನೇರವಾಗಿ, ಖಚಿತವಾಗಿ ಸಿಗಬಹುದೆಂದು ಎಣಿಸಿದ ಸೈನಿಕ ಲಾಭದ ಮುಂದೆ ನಾಗರಿಕರಿಗೆ ಆಗಬಹುದಾದ ಹಾನಿ ‘ಅತಿ’ ಆಗುತ್ತದೆಯೇ? ಆಗುವುದಾದರೆ ದಾಳಿ ಮಾಡಕೂಡದು. ನಮ್ಮ ಕಡೆ ಎಷ್ಟು ಸತ್ತರು, ಅವರ ಕಡೆ ಎಷ್ಟು ಅನ್ನುವ ಹೋಲಿಕೆ ಇಲ್ಲಿ ಬರುವುದೇ ಇಲ್ಲ. ಸೇಡಿನ ಲೆಕ್ಕಕ್ಕೆ ಜಾಗವೇ ಇಲ್ಲ.

ಇನ್ನೊಂದು ಸಂಗತಿ. ತೂಗುವುದು ಆದ ಹಾನಿಯನ್ನಲ್ಲ, ಆಗಬಹುದೆಂದು ಆ ಹೊತ್ತಿಗೆ ಕಮಾಂಡರ್‌ಗೆ ಗೊತ್ತಿದ್ದ ಅಥವಾ ಗೊತ್ತಿರಬೇಕಿದ್ದ ಹಾನಿಯನ್ನು. ಹಾಗಾಗಿ ನೂರು ಜನ ಸತ್ತ ಒಂದು ದಾಳಿ ಕಾನೂನಿನ ಒಳಗಿರಬಹುದು, ಇಬ್ಬರು ಸತ್ತ ಇನ್ನೊಂದು ಅಪರಾಧವಾಗಬಹುದು. ಕೇಳಲು ಕಹಿ, ಆದರೆ ನಿಯಮ ಇರುವುದೇ ಹೀಗೆ.

ತೂಕಕ್ಕಿಂತ ಮೊದಲೂ ಆಮೇಲೂ ಒಂದೊಂದು ಜರಡಿ ಇದೆ. ಮೊದಲಿನದು ಗುರಿ ಸೈನಿಕ ಗುರಿಯೇ ಅನ್ನುವುದು. ಒಬ್ಬ ಮನುಷ್ಯನ ಬಗ್ಗೆ ಅನುಮಾನ ಉಳಿದರೆ ಅವನನ್ನು ನಾಗರಿಕ ಎಂದೇ ಎಣಿಸಬೇಕು, ಕಲಂ 50(1). ಕೊನೆಯದು ಮುನ್ನೆಚ್ಚರಿಕೆ, ಕಲಂ 57: ಗುರಿಯನ್ನು ಪರಿಶೀಲಿಸು, ಕಡಿಮೆ ಹಾನಿಯ ಆಯುಧ ಮತ್ತು ವಿಧಾನ ಆರಿಸು, ಸಾಧ್ಯವಿದ್ದರೆ ಎಚ್ಚರಿಸು, ಸ್ಥಿತಿ ಬದಲಾದರೆ ನಿಲ್ಲಿಸು. ಜನ ತೂಕದ ಬಗ್ಗೆಯೇ ಜಗಳವಾಡುತ್ತಾರೆ. ಆದರೆ ಹೆಚ್ಚಿನ ದಾಳಿಗಳು ಎಡವುವುದು ಈ ಮುನ್ನೆಚ್ಚರಿಕೆಯ ಜರಡಿಯಲ್ಲಿ.

ಇಸ್ರೇಲ್ ಈ ಪ್ರೋಟೊಕಾಲ್‌ಗೆ ಸಹಿ ಹಾಕಿಲ್ಲವಲ್ಲ ಅಂತ ಯಾರಾದರೂ ಕೇಳುತ್ತಾರೆ. ನಿಜ, ಭಾರತವೂ ಅದನ್ನು ಒಪ್ಪಿಕೊಂಡಿಲ್ಲ. ಆದರೆ ಈ ಮೂರೂ ನಿಯಮಗಳು ರೂಢಿಗತ ಕಾನೂನಾಗಿ ಎಲ್ಲರಿಗೂ ಅನ್ವಯ ಅನ್ನುವುದನ್ನು ಇಸ್ರೇಲಿನ ಸುಪ್ರೀಂ ಕೋರ್ಟೇ ಒಪ್ಪಿದೆ. 2006ರ ಡಿಸೆಂಬರ್ 14ರ ತೀರ್ಪಿನಲ್ಲಿ ನ್ಯಾಯಮೂರ್ತಿ ಅಹರೋನ್ ಬರಾಕ್ ಕೊಟ್ಟ ಉದಾಹರಣೆ ಮಕ್ಕಳಿಗೆ ಹೇಳಲು ಚೆನ್ನಾಗಿದೆ. ಮನೆಯ ಜಗಲಿಯಿಂದ ಒಬ್ಬ ಬಂದೂಕುಧಾರಿ ಜನರ ಮೇಲೆ ಗುಂಡು ಹಾರಿಸುತ್ತಿದ್ದಾನೆ. ಅವನಿಗೆ ಗುಂಡಿಟ್ಟಾಗ ಪಕ್ಕದ ಮನೆಯವನಿಗೋ ದಾರಿಹೋಕನಿಗೋ ತಗುಲಿದರೂ ಅದು ಮಿತಿಯೊಳಗೆ. ಅದೇ ಕಟ್ಟಡದ ಮೇಲೆ ವಿಮಾನದಿಂದ ಬಾಂಬ್ ಹಾಕಿ ಹತ್ತಾರು ನಿವಾಸಿಗಳಿಗೂ ದಾರಿಹೋಕರಿಗೂ ಹಾನಿ ಮಾಡಿದರೆ ಮಿತಿ ಮೀರಿದ್ದು.

ಘಟಪ್ರಭಾ:
ಉದಾಹರಣೆ ಚಲೋ ಐತಿ ಸರ್, ಆದರ ಎರಡೂ ತುದಿಯೊಳಗ ಉತ್ತರ ಸುಲಭ ಅಲ್ರೀ. ನಡುವಿನದ್ದು ಹೇಳ್ರಿ. ಜಗಲಿ ಮ್ಯಾಲೆ ಕೂತಾಂವ ಬರೇ ಬಂದೂಕಿನಾಂವ ಅಲ್ಲ, ಹತ್ತಾರು ಆತ್ಮಾಹುತಿ ದಾಳಿ ಯೋಜನಾ ಮಾಡಿದಾಂವ ಅಂತ ತಿಳೀರಿ. ಆವಾಗ?

ತೋಪಿನಮನೆ:
ಘಟಪ್ರಭಾ ಕೇಳಿದ್ದು ಕಲ್ಪನೆಯಲ್ಲ, ನಡೆದದ್ದೇ. ಗಾಜಾ ನಗರದ ದರಜ್ ಬಡಾವಣೆ, 2002ರ ಜುಲೈ 22ರ ರಾತ್ರಿ. ಗುರಿ ಹಮಾಸ್‌ನ ಸೈನಿಕ ವಿಭಾಗದ ಮುಖ್ಯಸ್ಥ ಸಲಾಹ್ ಶೆಹಾದೆ. ಎಫ್-16 ವಿಮಾನದಿಂದ ಒಂದು ಟನ್ ತೂಕದ ಬಾಂಬ್ ಬಿತ್ತು. ಶೆಹಾದೆ ಸತ್ತ. ಅವನ ಜೊತೆಗೆ ಹೆಂಡತಿ, ಮಗಳು ಮತ್ತು ನೆರೆಮನೆಯವರು ಸೇರಿ ಹತ್ತಕ್ಕೂ ಹೆಚ್ಚು ನಾಗರಿಕರು ಸತ್ತರು, ಅವರಲ್ಲಿ ಬಹುಪಾಲು ಮಕ್ಕಳು. ಅದಕ್ಕೂ ಮೊದಲು ಕುಟುಂಬದವರು ಜೊತೆಗಿದ್ದಾರೆ ಅನ್ನುವ ಕಾರಣಕ್ಕೆ ದಾಳಿ ಮುಂದೂಡಿದ್ದೂ ಇತ್ತು.

ಇಸ್ರೇಲ್ ಸರಕಾರ ನೇಮಿಸಿದ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಗುರಿ ಸರಿಯಾದದ್ದೇ, ಆದರೆ ಆದ ಹಾನಿ ಮಿತಿಮೀರಿದ್ದು, ಮೂಲ ಕಾರಣ ಗುಪ್ತಚರ ಮಾಹಿತಿಯ ಲೋಪ, ಕ್ರಿಮಿನಲ್ ಉದ್ದೇಶ ಇರಲಿಲ್ಲ ಎಂದಿತು. ಲೋಪ ಅಂದರೆ ಏನು? ಆ ಮನೆಯನ್ನು ಅಂಟಿಕೊಂಡಿದ್ದ ತಗಡಿನ ಶೆಡ್ಡುಗಳಲ್ಲಿ ಯಾರೂ ವಾಸವಿಲ್ಲ ಅಂತ ಲೆಕ್ಕ ಹಾಕಿದ್ದರು. ಅಲ್ಲಿ ಸಂಸಾರಗಳಿದ್ದವು.

ಈಗ ಇದರ ಜೋಡಿ ಪ್ರಕರಣ ನೋಡಿ. 2003ರ ಸೆಪ್ಟೆಂಬರ್ 6. ಗಾಜಾದ ಒಂದು ಮೂರಂತಸ್ತಿನ ಮನೆಯಲ್ಲಿ ಹಮಾಸ್ ನಾಯಕತ್ವವೇ ಸಭೆ ಸೇರಿತ್ತು, ಅಹ್ಮದ್ ಯಾಸಿನ್, ಇಸ್ಮಾಯಿಲ್ ಹನಿಯೆ ಎಲ್ಲರೂ. ಒಂದು ಟನ್ ಬಾಂಬ್ ಹಾಕಿದರೆ ಪಕ್ಕದ ವಸತಿ ಕಟ್ಟಡಕ್ಕೂ ಪೆಟ್ಟು. ಹಿಂದಿನ ವರ್ಷದ ಗದ್ದಲ ಇನ್ನೂ ಕಿವಿಯಲ್ಲಿತ್ತು. ಕಾಲು ಟನ್ನಿನ ಬಾಂಬ್ ಆರಿಸಿದರು. ಅದು ಮೇಲಿನ ಮಹಡಿಯನ್ನಷ್ಟೇ ಹಾಳುಮಾಡುವಂಥದ್ದು. ಸಭೆ ನಡೆಯುತ್ತಿದ್ದದ್ದು ನೆಲಮಹಡಿಯಲ್ಲಿ. ಎಲ್ಲರೂ ಧೂಳು ಕೊಡವಿಕೊಂಡು ಹೊರಗೆ ಓಡಿದರು.

ಸೈನಿಕ ಲಾಭ ಎರಡನೆಯದರಲ್ಲಿ ಎಷ್ಟೋ ಪಟ್ಟು ದೊಡ್ಡದು, ಹಾಕಿದ್ದು ಸಣ್ಣ ಬಾಂಬ್. ಮೊದಲನೆಯದರಲ್ಲಿ ಲಾಭ ಒಬ್ಬ ಮನುಷ್ಯ, ಬಾಂಬ್ ನಾಲ್ಕು ಪಟ್ಟು. ‘ಅತಿ’ ಅನ್ನುವ ಪದಕ್ಕೆ ಸೂತ್ರ ಇಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಒಂದೇ ಸೇನೆ, ಸುಮಾರು ಹದಿನಾಲ್ಕು ತಿಂಗಳ ಅಂತರ.

ಹೊಂಗೆನೆರಳು:
ಬಾಂಬಿನ ತೂಕವೇ ನೈತಿಕತೆಯನ್ನು ತೀರ್ಮಾನಿಸುತ್ತದೆ ಅನ್ನುತ್ತೀರಾ?

ತೋಪಿನಮನೆ:
ಬಹುಪಾಲು ಹೌದು. ತೂಕ ಮಾತ್ರವಲ್ಲ, ಫ್ಯೂಸು (ಬಾಂಬನ್ನು ಸಿಡಿಸುವ ಸಾಧನ), ಕೋನ, ಹೊತ್ತು ಎಲ್ಲವೂ. ಎಂಕೆ-84 ಬಾಂಬ್ ಅಂದರೆ 2,000 ಪೌಂಡ್, ಸುಮಾರು 900 ಕಿಲೋ. ಅದರಲ್ಲಿ ಅರ್ಧದ ಹತ್ತಿರ ಸ್ಫೋಟಕ, ಉಳಿದದ್ದು ಚೂರಾಗಿ ಹಾರುವ ಉಕ್ಕಿನ ಕವಚ. ಬಯಲಲ್ಲಿ ಆ ಚೂರುಗಳು ನೂರಾರು ಮೀಟರ್‌ವರೆಗೆ ಕೊಲ್ಲುತ್ತವೆ. ಜಿಬಿಯು-39 ಎಂಬ ಸಣ್ಣ ಬಾಂಬ್ 250 ಪೌಂಡ್ ದರ್ಜೆಯದು, ಒಂದು ಕೋಣೆಯ ಮಟ್ಟಕ್ಕೆ ಇಳಿಸಬಹುದಾದದ್ದು.

ಬಾಲಕ್ಕೆ ಜಿಪಿಎಸ್ ಕಿಟ್ ಹಾಕಿದರೆ ಬಾಂಬ್ ಹೇಳಿದ ಜಾಗಕ್ಕೆ ಬೀಳುತ್ತದೆ, ಅದಕ್ಕೇ ‘ನಿಖರ’ ಅನ್ನುತ್ತಾರೆ. ಬೀಳುವುದು ನಿಖರ, ಸಿಡಿಯುವುದು ನಿಖರವಲ್ಲ. ಫ್ಯೂಸನ್ನು ತಡವಾಗಿ ಸಿಡಿಯುವಂತೆ ಇಟ್ಟರೆ ಬಾಂಬ್ ನೆಲದೊಳಗೆ ಹೊಕ್ಕು ಸಿಡಿಯುತ್ತದೆ. ಚೂರುಗಳು ಹಾರುವುದು ಕಡಿಮೆಯಾಗುತ್ತದೆ, ಆದರೆ ಪಾಯ ಕುಸಿದು ಅಕ್ಕಪಕ್ಕದ ಕಟ್ಟಡಗಳೂ ಕೂರುತ್ತವೆ. ಸುರಂಗದ ಮೇಲೆ ಹಾಕುವಾಗ ಬೇಕಾದದ್ದೇ ಈ ಕುಸಿತ. 2023ರ ಅಕ್ಟೋಬರ್ 31ರಂದು ಜಬಾಲಿಯಾ ನಿರಾಶ್ರಿತರ ಶಿಬಿರದಲ್ಲಿ ಒಬ್ಬ ಕಮಾಂಡರ್ ಮತ್ತು ಅವನ ಕೆಳಗಿನ ಸುರಂಗವನ್ನು ಗುರಿಮಾಡಿದಾಗ ಆದದ್ದು ಅದೇ, ಮನೆಗಳ ಸಾಲು ಇದ್ದಲ್ಲಿ ಕುಳಿಗಳು.

ರಾತ್ರಿ ಹಾಕಿದರೆ ಗುರಿಯವನು ಮನೆಯಲ್ಲಿರುತ್ತಾನೆ ಅನ್ನುವುದು ಅನುಕೂಲ. ಅವನ ಹೆಂಡತಿ ಮಕ್ಕಳು, ಅಲ್ಲಿ ಆಶ್ರಯಕ್ಕೆ ಬಂದ ನೆಂಟರು ಕೂಡ ಆಗಲೇ ಇರುತ್ತಾರೆ. ಯುದ್ಧದ ಮೊದಲು ಒಂದು ಮಹಡಿಯಲ್ಲಿ ಎಂಟು ಜನ ಅಂತಿದ್ದ ಲೆಕ್ಕ, ಸ್ಥಳಾಂತರದ ನಂತರ ಇಪ್ಪತ್ತೋ ಮೂವತ್ತೋ ಆಗಿರಬಹುದು. ಹಳೆಯ ಲೆಕ್ಕದಲ್ಲಿ ಹೊಸ ಬಾಂಬ್ ಹಾಕಿದರೆ ತಗಡಿನ ಶೆಡ್ಡಿನ ತಪ್ಪೇ ಮತ್ತೆ.

ನೇತ್ರಾವತಿ ದಡ:
‘ಛಾವಣಿ ತಟ್ಟುವುದು’ ಅಂತ ಹೇಳ್ತಾರಲ್ಲ ಮಾರಾಯ್ರೇ, ಅದು ಲೆಕ್ಕಕ್ಕೆ ಬರುವುದಿಲ್ಲವಾ? ಫೋನು ಮಾಡಿ, ಕರಪತ್ರ ಹಾಕಿ ಎಚ್ಚರಿಸುವ ಸೇನೆ ಬೇರೆ ಎಲ್ಲುಂಟು?

ಕಲಂ57:
ಖಂಡಿತ ಬರುತ್ತದೆ, ಎಚ್ಚರಿಕೆ ಕೊಡದಿರುವುದಕ್ಕಿಂತ ಕೊಡುವುದು ಮೇಲು. ಆದರೆ ನಿಯಮ ಕೇಳುವುದು ‘ಪರಿಣಾಮಕಾರಿ’ ಎಚ್ಚರಿಕೆ. ಛಾವಣಿಯ ಮೇಲೆ ಸಣ್ಣ ಸ್ಫೋಟಕ ಬೀಳಿಸುವ ಪದ್ಧತಿ 2008-09ರ ಕಾರ್ಯಾಚರಣೆಯಿಂದ ಕಾಣುತ್ತದೆ. 2014ರ ಯುದ್ಧದ ಬಗ್ಗೆ ವಿಶ್ವಸಂಸ್ಥೆಯ ತನಿಖಾ ಆಯೋಗ ಹೇಳಿದ್ದು: ಆ ಸದ್ದು ಎಚ್ಚರಿಕೆಯೋ ದಾಳಿಯೋ ಅಂತ ಒಳಗಿದ್ದವರಿಗೆ ತಿಳಿಯುತ್ತಿರಲಿಲ್ಲ, ತಟ್ಟುವುದಕ್ಕೂ ಬಾಂಬಿಗೂ ನಡುವೆ ಕೆಲವೇ ನಿಮಿಷ. ಐದನೇ ಮಹಡಿಯಿಂದ ಗಾಲಿಕುರ್ಚಿಯಲ್ಲಿರುವವರನ್ನು ಇಳಿಸಿ ಎರಡು ಬೀದಿ ದಾಟಿಸಲು ಎಷ್ಟು ಹೊತ್ತು ಬೇಕು ಅಂತ ನೀವೇ ಲೆಕ್ಕ ಹಾಕಿ.

2023ರ ಅಕ್ಟೋಬರ್ 13ರ ಆದೇಶವನ್ನೂ ಹೀಗೇ ನೋಡಬೇಕು. ಗಾಜಾವನ್ನು ಅಡ್ಡಲಾಗಿ ಹಾಯುವ ‘ವಾದಿ ಗಾಜಾ’ ತೊರೆಯ ಉತ್ತರಕ್ಕಿದ್ದ ಸುಮಾರು 11 ಲಕ್ಷ ಜನ 24 ಗಂಟೆಯಲ್ಲಿ ದಕ್ಷಿಣಕ್ಕೆ ಹೋಗಬೇಕು. ಆಮೇಲೆ ಡಿಸೆಂಬರ್‌ನಲ್ಲಿ ಗಾಜಾವನ್ನು 600ಕ್ಕೂ ಹೆಚ್ಚು ತುಂಡುಗಳಾಗಿ ಅಂಕಿ ಹಾಕಿದ ನಕ್ಷೆ, ನೋಡಲು ಕ್ಯೂಆರ್ ಕೋಡ್. ಕರೆಂಟಿಲ್ಲ, ನೆಟ್‌ವರ್ಕ್ ಹೋಗಿ ಬಂದು ಮಾಡುತ್ತದೆ, ಕೋಡನ್ನು ಯಾವುದರಿಂದ ಸ್ಕ್ಯಾನ್ ಮಾಡುವುದು? ಇನ್ನು ಮುಖ್ಯವಾದದ್ದು: ಎಚ್ಚರಿಸಿದ ಮೇಲೂ ಉಳಿದವನು ನಾಗರಿಕನಾಗಿಯೇ ಉಳಿಯುತ್ತಾನೆ. ಹೋಗಲಾಗದ ಮುದುಕಿಯನ್ನು ಚೀಟಿ ಹಾಕಿ ಹೋರಾಟಗಾರ್ತಿ ಮಾಡಲಾಗುವುದಿಲ್ಲ.

ಘಟಪ್ರಭಾ:
ಇಷ್ಟೊತ್ತು ಇಸ್ರೇಲಿನ ಬಾಂಬನ್ನಷ್ಟ ತೂಗಾಕತ್ತೀರಿ. ಹಮಾಸ್‌ನ ತಕ್ಕಡಿ ಎಲ್ಲಿ? ಮನಿ ಕೆಳಗ ಸುರಂಗ, ಶಾಲೆಯೊಳಗ ರಾಕೆಟ್. 2014ರಾಗ ಗಾಜಾದ ಖಾಲಿ ಶಾಲೆಯೊಂದರೊಳಗ 20 ರಾಕೆಟ್ ಸಿಕ್ಕಿದ್ದನ್ನ ಶಾಲೆ ನಡೆಸೋ ವಿಶ್ವಸಂಸ್ಥೆಯ ಏಜೆನ್ಸಿನ ಹೇಳೇತಿ.

ಕಲಂ57:
ನ್ಯಾಯವಾದ ಆಕ್ಷೇಪ. ಹಮಾಸ್‌ನ ವಿಷಯದಲ್ಲಿ ತೂಗುವ ಹಂತಕ್ಕೇ ಹೋಗಬೇಕಿಲ್ಲ, ಮೊದಲ ಜರಡಿಯಲ್ಲೇ ನಿಂತುಹೋಗುತ್ತದೆ. ಅಕ್ಟೋಬರ್ 7ರಂದು ನೋವಾ ಸಂಗೀತೋತ್ಸವದಲ್ಲಿ 360ಕ್ಕೂ ಹೆಚ್ಚು ಜನರನ್ನು ಕೊಂದದ್ದು, ಬೇರಿ ಎಂಬ ಕಿಬುತ್ಸ್‌ನ (ಸಾಮೂಹಿಕ ಕೃಷಿಗ್ರಾಮ) ಮನೆಗಳಿಗೆ ನುಗ್ಗಿದ್ದು ‘ಅಕ್ಕಪಕ್ಕದ ಹಾನಿ’ ಅಲ್ಲ, ನಾಗರಿಕರೇ ಗುರಿ. 251 ಜನರನ್ನು ಒತ್ತೆಯಾಳಾಗಿ ಒಯ್ದದ್ದು 1949ರ ನಾಲ್ಕನೇ ಜಿನೀವಾ ಒಪ್ಪಂದದ ಕಲಂ 34ರ ಪ್ರಕಾರ ಯಾವ ಕಾರಣಕ್ಕೂ ನಿಷಿದ್ಧ. ಗುರಿ ಹಿಡಿಯಲಾಗದ ರಾಕೆಟ್ಟನ್ನು ಊರಿನ ಮೇಲೆ ಬಿಡುವುದು, ಅದು ಖಾಲಿ ಹೊಲದಲ್ಲಿ ಬಿದ್ದರೂ, ವಿವೇಚನೆಯಿಲ್ಲದ ದಾಳಿಯೇ. ಆಕ್ರಮಣದ ವಿರುದ್ಧ ಹೋರಾಡುವ ಹಕ್ಕಿದೆ ಅನ್ನುವವರು ಆ ಹಕ್ಕಿಗೂ ಇದೇ ಮಿತಿ ಎಂಬುದನ್ನು ಮರೆಯುತ್ತಾರೆ. ಜನರನ್ನು ಗುರಾಣಿ ಮಾಡುವುದು ಕಲಂ 51(7)ರ ಉಲ್ಲಂಘನೆ.

ಆದರೆ ತಕ್ಷಣ ಮುಂದಿನ ಉಪಕಲಂ ಓದಿ, 51(8): ಒಬ್ಬ ತಪ್ಪಿದ ಅಂತ ಇನ್ನೊಬ್ಬನ ಹೊಣೆ ಇಳಿಯುವುದಿಲ್ಲ. ಕಳ್ಳ ಮಗುವನ್ನು ಎದೆಗವಚಿಕೊಂಡಿದ್ದಾನೆ ಅಂದರೆ ಪಾಪ ಕಳ್ಳನದ್ದು ಸರಿ, ಆದರೆ ಮಗುವಿನ ಜೀವ ಲೆಕ್ಕದಿಂದ ಹೊರಗೆ ಹೋಗುವುದಿಲ್ಲ. ಹಾಗೇ ನೆಲದಡಿ ಸುರಂಗ ಇದ್ದರೆ ಅದು ಸೈನಿಕ ಗುರಿ ನಿಜ, ಮೇಲಿನ ನಾಲ್ಕು ಮಹಡಿ ತೂಕದಲ್ಲಿ ಇದ್ದೇ ಇರುತ್ತದೆ. ಆಸ್ಪತ್ರೆಯಾದರೆ ಇನ್ನೂ ಬಿಗಿ. ದುರುಪಯೋಗ ಆಗಿದ್ದರೂ ಎಚ್ಚರಿಕೆ ಕೊಟ್ಟು, ಸಾಕಷ್ಟು ಸಮಯ ಬಿಟ್ಟ ಮೇಲಷ್ಟೇ ಅದರ ರಕ್ಷಣೆ ಹೋಗುವುದು.

ಗುರಾಣಿಯ ಮಾತು ಬಂದದ್ದರಿಂದ ಇನ್ನೊಂದು. ಇಸ್ರೇಲಿ ಸೈನಿಕರು ಪ್ಯಾಲೆಸ್ತೀನಿ ನೆರೆಯವರನ್ನು ಮುಂದೆ ಬಿಟ್ಟು ಮನೆ ಬಾಗಿಲು ತಟ್ಟಿಸುತ್ತಿದ್ದ ಪದ್ಧತಿಯನ್ನು ಅವರ ಸುಪ್ರೀಂ ಕೋರ್ಟೇ 2005ರಲ್ಲಿ ನಿಷೇಧಿಸಿತು. ಗಾಜಾದಲ್ಲಿ ಬಂಧಿತರನ್ನು ಸುರಂಗ ಪರೀಕ್ಷಿಸಲು ಕಳಿಸಿದ ಬಗ್ಗೆ 2024ರಲ್ಲಿ ಇಸ್ರೇಲಿನ ‘ಹಾರೆಟ್ಜ್’ ಪತ್ರಿಕೆಯೇ ವರದಿ ಮಾಡಿದೆ.

ನೇತ್ರಾವತಿ ದಡ:
ಇಸ್ರೇಲ್ ಕಡೆಯ ಸಾಮಾನ್ಯರ ಬದುಕಿನ ಒಂದು ಸಂಗತಿಯೂ ಟಿಪ್ಪಣಿಯಲ್ಲಿರಲಿ. ದಕ್ಷಿಣ ಕನ್ನಡ, ಉಡುಪಿಯವರು ತುಂಬ ಜನ ಅಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಗಾಜಾ ಗಡಿಯ ಸ್ದೆರೋತ್ ಊರಲ್ಲಿ ಸೈರನ್ ಕೂಗಿದರೆ ಇರುವುದು 15 ಸೆಕೆಂಡ್. ಟೆಲ್ ಅವೀವ್‌ನಲ್ಲಿ ಒಂದೂವರೆ ನಿಮಿಷ. ಹಾಸಿಗೆ ಹಿಡಿದ ಅಜ್ಜಿಯನ್ನು ಎತ್ತಿ ಸುರಕ್ಷಾ ಕೋಣೆಗೆ ಒಯ್ಯುವುದು 15 ಸೆಕೆಂಡಿನಲ್ಲಿ ಆಗುವ ಕೆಲಸವಲ್ಲ, ಹಾಗಾಗಿ ಹಾಸಿಗೆಯನ್ನೇ ಆ ಕೋಣೆಯಲ್ಲಿ ಹಾಕಿರ್ತಾರೆ. ‘ಮಮಾದ್’ ಅಂತ ಅದರ ಹೆಸರು, ಕಾಂಕ್ರೀಟ್ ಗೋಡೆ, ಉಕ್ಕಿನ ಬಾಗಿಲು. ರಾಕೆಟಿಗೆ ಅಂತ ಕಟ್ಟಿದ್ದು. ಹೊರಗಿನಿಂದ ರಕ್ಷಣೆಯವರು ತೆರೆಯಲು ಆಗಬೇಕಲ್ಲ, ಅದಕ್ಕೆ ಒಳಗಿನಿಂದ ಚಿಲಕ ಬೀಳುವುದಿಲ್ಲ. ಅಕ್ಟೋಬರ್ 7ರಂದು ಬಂದೂಕು ಹಿಡಿದವರು ಬಂದಾಗ ಜನ ಗಂಟೆಗಟ್ಟಲೆ ಹಿಡಿಕೆಯನ್ನು ಕೈಯಲ್ಲಿ ಎಳೆದು ಹಿಡಿದು ನಿಂತರು. ಸತ್ತವರಲ್ಲಿ ಥಾಯ್ಲೆಂಡಿನ ಕೂಲಿಗಳು, ನೇಪಾಳದ 10 ಕೃಷಿ ವಿದ್ಯಾರ್ಥಿಗಳು ಕೂಡ ಇದ್ದರು.

ತಕ್ಕಡಿ:
67,000ದ ಬಗ್ಗೆ ಎರಡು ಮಾತು, ಯಾಕೆಂದರೆ ‘ಹಮಾಸ್ ಕೊಟ್ಟ ಲೆಕ್ಕ’ ಅನ್ನುವ ತಕರಾರು ಬಂದೇ ಬರುತ್ತದೆ. ಪಟ್ಟಿ ಹೇಗೆ ಆಗುತ್ತದೆ ನೋಡಿ. ಆಸ್ಪತ್ರೆಯ ಶವಾಗಾರಕ್ಕೆ ಬಂದ ದೇಹ, ಹೆಸರು, ವಯಸ್ಸು, ಲಿಂಗ, ಗುರುತಿನ ಸಂಖ್ಯೆ. ಆಸ್ಪತ್ರೆಗಳೇ ಬಿದ್ದಾಗ ಮನೆಯವರು ಆನ್‌ಲೈನ್ ಅರ್ಜಿ ತುಂಬುವ ವ್ಯವಸ್ಥೆ ಸೇರಿತು. ಆ ಗುರುತಿನ ಸಂಖ್ಯೆ ಇರುವ ಜನಸಂಖ್ಯಾ ದಾಖಲೆ ಇಸ್ರೇಲಿನ ಕೈಯಲ್ಲೂ ಇದೆ, ಹಾಗಾಗಿ ಇಲ್ಲದ ಹೆಸರು ಸೃಷ್ಟಿಸಿದರೆ ಸಿಕ್ಕಿಬೀಳುತ್ತದೆ. ಆರೋಗ್ಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ 2025ರ ಜನವರಿಯಲ್ಲಿ ಬಂದ ಅಧ್ಯಯನ ಶವಾಗಾರ, ಆನ್‌ಲೈನ್ ಅರ್ಜಿ, ಸಾಮಾಜಿಕ ಜಾಲತಾಣದ ಶ್ರದ್ಧಾಂಜಲಿ ಹೀಗೆ ಮೂರು ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿತು. ಕೆರೆಯ ಮೀನಿಗೆ ಗುರುತು ಹಾಕಿ ಬಿಟ್ಟು, ಮತ್ತೆ ಬಲೆ ಬೀಸಿ ಒಟ್ಟು ಮೀನೆಷ್ಟು ಅಂತ ಅಂದಾಜಿಸುವ ವಿಧಾನವೇ. 2024ರ ಜೂನ್ 30ರವರೆಗೆ ಗಾಯದಿಂದ ಸತ್ತವರು 64,260 ಅನ್ನುವ ಅಂದಾಜು ಬಂತು. ಸಚಿವಾಲಯದ ಪಟ್ಟಿ ಆಗ ಹೇಳುತ್ತಿದ್ದದ್ದು 37,877.

ದೋಷಗಳೂ ಇವೆ. ಪಟ್ಟಿ ಹೋರಾಟಗಾರ ಮತ್ತು ನಾಗರಿಕ ಅಂತ ಬೇರೆ ಮಾಡುವುದಿಲ್ಲ. ಘಟನೆ ನಡೆದ ಗಂಟೆಯೊಳಗೆ ಬರುವ ಸಂಖ್ಯೆಯನ್ನಂತೂ ನಂಬಬೇಡಿ. 2023ರ ಅಕ್ಟೋಬರ್ 17ರ ಅಲ್-ಅಹ್ಲಿ ಆಸ್ಪತ್ರೆಯ ಸ್ಫೋಟದಲ್ಲಿ ಮೊದಲು 500 ಅಂದರು, ಸಚಿವಾಲಯ 471 ಎಂದಿತು, ಅಮೆರಿಕದ ಗುಪ್ತಚರರ ಅಂದಾಜು 100ರಿಂದ 300. ಇಸ್ರೇಲಿನ ಬಾಂಬ್ ಅಂತ ಜಗತ್ತೆಲ್ಲ ಹೇಳಿದ ಮೇಲೆ, ಗಾಜಾದಿಂದಲೇ ಹಾರಿ ದಾರಿತಪ್ಪಿದ ರಾಕೆಟ್ ಅನ್ನುವ ಕಡೆಗೆ ಹ್ಯೂಮನ್ ರೈಟ್ಸ್ ವಾಚ್‌ನ ಪರಿಶೀಲನೆಯೂ ವಾಲಿತು. ದಿನದ ಸುದ್ದಿಯ ಅಂಕಿಗೂ ತಿಂಗಳ ನಂತರದ ಹೆಸರಿನ ಪಟ್ಟಿಗೂ ಅಜಗಜಾಂತರ.

ಹೊಂಗೆನೆರಳು:
ಒಂದು ಗುರಿಗೆ ಇಷ್ಟು ನಾಗರಿಕರು ಸತ್ತರೂ ಸರಿ ಅಂತ ಸೇನೆ ಮೊದಲೇ ಸಂಖ್ಯೆ ನಿಗದಿ ಮಾಡುತ್ತದೆ ಅಂತ ಓದಿದೆ. ನಿಜವೇ?

ತೋಪಿನಮನೆ:
ಅಂಥ ಮಿತಿ ಬಹಳ ಸೇನೆಗಳಲ್ಲಿದೆ, ಆದರೆ ಅದರ ಮೂಲ ಉದ್ದೇಶ ಪರವಾನಗಿ ಅಲ್ಲ. 2003ರ ಇರಾಕ್ ಯುದ್ಧದಲ್ಲಿ ಅಮೆರಿಕದ ಸಂಖ್ಯೆ 30. ಅದಕ್ಕಿಂತ ಹೆಚ್ಚು ನಾಗರಿಕರು ಸಾಯಬಹುದಾದರೆ ಕಡತ ರಕ್ಷಣಾ ಸಚಿವರ ಮೇಜಿಗೆ ಹೋಗಬೇಕು. ಅಂದರೆ ಯಾರ ಸಹಿ ಬೇಕು ಅನ್ನುವ ಗೆರೆ. ತಪ್ಪಾಗುವುದು ಆ ಗೆರೆಯನ್ನು ರೇಷನ್ ಕಾರ್ಡಿನಂತೆ ಓದಿದಾಗ, ‘ಇಷ್ಟು ತನಕ ನಮ್ಮ ಕೋಟಾ’ ಅಂತ.

ಅಕ್ಟೋಬರ್ 7ರಂದೇ ಇಸ್ರೇಲಿ ಸೇನೆ ಮಧ್ಯಮ ದರ್ಜೆಯ ಅಧಿಕಾರಿಗಳಿಗೆ ಒಂದು ದಾಳಿಯಲ್ಲಿ 20 ನಾಗರಿಕರ ಜೀವವನ್ನು ಅಪಾಯಕ್ಕೊಡ್ಡುವ ಅಧಿಕಾರ ಕೊಟ್ಟಿತೆಂದು ‘ನ್ಯೂಯಾರ್ಕ್ ಟೈಮ್ಸ್’ 2024ರ ಡಿಸೆಂಬರ್‌ನಲ್ಲಿ ವರದಿ ಮಾಡಿತು. ನಿಯಮಗಳು ಬದಲಾದದ್ದನ್ನು ಸೇನೆ ಅಲ್ಲಗಳೆಯಲಿಲ್ಲ, ಕಾನೂನಿನೊಳಗೇ ಇದ್ದೇವೆ ಎಂದಿತು. ವರದಿ ನಿಜವಾದರೆ ನನ್ನ ಆಕ್ಷೇಪ 20 ಅನ್ನುವ ಅಂಕಿಗಿಂತ ಹೆಚ್ಚಾಗಿ, ಸಾಮಾನ್ಯ ಬಂದೂಕಿನವನಿಗೂ ಅದೇ ಅಂಕಿ ಅನ್ವಯವಾಗುವುದಕ್ಕೆ. ಲಾಭವನ್ನೇ ನೋಡದೆ ಹಾನಿಗೆ ಮಾತ್ರ ಗೆರೆ ಎಳೆದರೆ ತಕ್ಕಡಿಗೆ ಒಂದೇ ತಟ್ಟೆ.

ತಕ್ಕಡಿ:
ಇಲ್ಲಿ ಇನ್ನೊಂದು ತಾತ್ವಿಕ ಜಗಳವನ್ನು ಸೇರಿಸಿ, ಮಕ್ಕಳು ಚರ್ಚೆ ಮಾಡಲು ಹೇಳಿಮಾಡಿಸಿದ್ದು. ಇಸ್ರೇಲಿ ಸೇನೆಯ ನೀತಿಸಂಹಿತೆ ಬರೆಯುವುದರಲ್ಲಿ ಪಾಲ್ಗೊಂಡ ತತ್ವಶಾಸ್ತ್ರಜ್ಞ ಆಸಾ ಕಾಶೆರ್ ಮತ್ತು ಸೇನಾಧಿಕಾರಿ ಅಮೋಸ್ ಯಾದ್ಲಿನ್ 2005ರಲ್ಲಿ ವಾದಿಸಿದ್ದು: ನಮ್ಮ ಹತೋಟಿಯಲ್ಲಿಲ್ಲದ ನೆಲದಲ್ಲಿ, ಭಯೋತ್ಪಾದಕರ ಪಕ್ಕದಲ್ಲಿರುವ ಪರಕೀಯ ನಾಗರಿಕರಿಗಾಗಿ ನಮ್ಮ ಸೈನಿಕನ ಜೀವವನ್ನು ಅಪಾಯಕ್ಕೊಡ್ಡಬೇಕಿಲ್ಲ. ಸೈನಿಕನೂ ಸಮವಸ್ತ್ರ ತೊಟ್ಟ ಪ್ರಜೆಯೇ. 2009ರಲ್ಲಿ ತತ್ವಚಿಂತಕರಾದ ಅವಿಶಾಯ್ ಮಾರ್ಗಲಿತ್ ಮತ್ತು ಮೈಕೆಲ್ ವಾಲ್ಜರ್ ಅದಕ್ಕೆ ಉತ್ತರವಾಗಿ ಒಂದು ಕಲ್ಪನೆ ಮುಂದಿಟ್ಟರು. ಲೆಬನಾನ್ ಗಡಿಯ ಮನಾರಾ ಕಿಬುತ್ಸನ್ನು ಹೆಜ್ಬೊಲ್ಲಾ ಹಿಡಿದಿದೆ ಅಂದುಕೊಳ್ಳಿ. ಒಳಗಿರುವವರು ಇಸ್ರೇಲಿ ಪ್ರಜೆಗಳು. ಎಷ್ಟು ಎಚ್ಚರದಿಂದ ದಾಳಿ ಮಾಡುತ್ತೀರಿ? ಈಗ ಒಳಗಿರುವವರು ದಕ್ಷಿಣ ಲೆಬನಾನಿನ ಹಳ್ಳಿಯವರು. ಎಚ್ಚರ ಕಡಿಮೆ ಮಾಡುತ್ತೀರಾ? ಮಾಡಬಾರದು, ಅಪಾಯದ ಪಾಲನ್ನು ಆಯುಧ ಹಿಡಿದವನೇ ಹೊರಬೇಕು ಅನ್ನುವುದು ಅವರ ವಾದ.

ಈ ಕಲ್ಪನೆಗೆ ನಿಜ ಜೀವನ ಒಂದು ಉತ್ತರ ಕೊಟ್ಟಿತು. 2023ರ ಡಿಸೆಂಬರ್ 15, ಗಾಜಾ ನಗರದ ಶುಜಾಯಿಯ್ಯ. ಮೂವರು ಗಂಡಸರು ಅಂಗಿ ಬಿಚ್ಚಿ, ಕೋಲಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಹೊರಗೆ ಬಂದರು. ಒಬ್ಬ ಸೈನಿಕ ಬೆದರಿ ಗುಂಡು ಹಾರಿಸಿದ. ಇಬ್ಬರು ಅಲ್ಲೇ ಬಿದ್ದರು. ಗಾಯಗೊಂಡ ಮೂರನೆಯವನು ಕಟ್ಟಡದೊಳಗೆ ಓಡಿ ಹೀಬ್ರೂವಿನಲ್ಲಿ ಸಹಾಯ ಕೇಳಿದ. ಗುಂಡು ನಿಲ್ಲಿಸಲು ಆಜ್ಞೆಯಾಯಿತು, ಆದರೂ ಅವನನ್ನು ಕೊಂದರು. ಮೂವರೂ ಇಸ್ರೇಲಿ ಒತ್ತೆಯಾಳುಗಳು. ಹತ್ತಿರದ ಕಟ್ಟಡದಲ್ಲಿ ಉಳಿದ ಆಹಾರವನ್ನೇ ಬಳಸಿ ಬಟ್ಟೆಯ ಮೇಲೆ ‘ಕಾಪಾಡಿ, ಮೂವರು ಒತ್ತೆಯಾಳುಗಳು’ ಅಂತ ಬರೆದಿಟ್ಟಿದ್ದರು, ಅದು ಹಮಾಸ್‌ನ ಬಲೆ ಇರಬಹುದು ಅಂತ ಸೇನೆ ಅನುಮಾನಿಸಿತ್ತು. ನಿಯಮ ಮುರಿಯಿತು ಅಂತ ಸೇನೆಯೇ ಒಪ್ಪಿಕೊಂಡಿತು. ಇವರ ಹೆಸರು ನಮಗೆ ಗೊತ್ತಾದದ್ದು ಇವರು ಇಸ್ರೇಲಿಗಳಾಗಿದ್ದರಿಂದ. ಅದೇ ಬೀದಿಯಲ್ಲಿ ಬಿಳಿ ಬಟ್ಟೆ ಹಿಡಿದ ಪ್ಯಾಲೆಸ್ತೀನಿಯಾಗಿದ್ದರೆ ತನಿಖೆಯವರೆಗೆ ಹೋಗುತ್ತಿತ್ತೇ?

ರಾಗಿಮುದ್ದೆ:
ಬಾಂಬಿನ ಮಾತೇ ಆಯಿತು. ಮುತ್ತಿಗೆಯ ಮಾತೂ ಬರಲಿ, ಅಲ್ಲಿ ನೈತಿಕ ಪ್ರಶ್ನೆ ಇನ್ನೂ ಸರಳ. ದಾಳಿಗೆ ತಕ್ಕಡಿ ಇದೆ, ಹಸಿವಿಗೆ ಇಲ್ಲ. ನಾಗರಿಕರನ್ನು ಉಪವಾಸ ಕೆಡವುವುದು ಯುದ್ಧತಂತ್ರವಾಗಿ ಪೂರ್ಣ ನಿಷಿದ್ಧ, ಎಷ್ಟೇ ಲಾಭವಿರಲಿ. 2023ರ ಅಕ್ಟೋಬರ್ 9ರಂದು ರಕ್ಷಣಾ ಸಚಿವ ಯೋವ್ ಗ್ಯಾಲಂಟ್ ಸಂಪೂರ್ಣ ಮುತ್ತಿಗೆ ಸಾರಿದರು: ಕರೆಂಟಿಲ್ಲ, ಆಹಾರವಿಲ್ಲ, ಇಂಧನವಿಲ್ಲ. 2024ರ ನವೆಂಬರ್ 21ರಂದು ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ ನೆತನ್ಯಾಹು ಮತ್ತು ಗ್ಯಾಲಂಟ್ ಮೇಲೆ ಬಂಧನ ವಾರಂಟ್ ಹೊರಡಿಸಿದಾಗ ಪಟ್ಟಿಯಲ್ಲಿ ಈ ಹಸಿವಿನ ಆರೋಪವೂ ಇತ್ತು. ಅದೇ ದಿನ ಹಮಾಸ್‌ನ ಮೊಹಮ್ಮದ್ ದೈಫ್ ಮೇಲೂ ಕೊಲೆ, ಒತ್ತೆಯಾಳು ಆರೋಪದಲ್ಲಿ ವಾರಂಟ್ ಆಯಿತು, ಆತ ಸತ್ತದ್ದು ಖಚಿತವಾದ ಮೇಲೆ ಅದು ಬಿದ್ದುಹೋಯಿತು.

ಈಗ ಲಾರಿ ಲೆಕ್ಕ. 2008ರಲ್ಲಿ ಇಸ್ರೇಲಿ ಅಧಿಕಾರಿಗಳು ಗಾಜಾದ ಒಬ್ಬ ಮನುಷ್ಯನಿಗೆ ದಿನಕ್ಕೆ 2,279 ಕ್ಯಾಲರಿ ಅಂತ ಹಿಡಿದು, ಸ್ಥಳೀಯ ಬೆಳೆ ಕಳೆದು, ದಿನಕ್ಕೆ 106 ಲಾರಿ ಸಾಕು ಅಂತ ಒಂದು ಕಾಗದ ಮಾಡಿದ್ದರು. ಗಿಶಾ ಎಂಬ ಇಸ್ರೇಲಿ ಸಂಸ್ಥೆ ಕೋರ್ಟಿಗೆ ಹೋಗಿ 2012ರಲ್ಲಿ ಅದನ್ನು ಹೊರತರಿಸಿತು. ಬರೀ ಕರಡು, ಜಾರಿ ಮಾಡಿಲ್ಲ ಎಂದರು. 2023ರ ಯುದ್ಧಕ್ಕೆ ಮೊದಲು ದಿನಕ್ಕೆ ಸುಮಾರು 500 ಲಾರಿ ಒಳಗೆ ಹೋಗುತ್ತಿದ್ದವು, ಎಲ್ಲವೂ ಆಹಾರವಲ್ಲ. ಆಹಾರಕ್ಕೇ ಅಂದರೆ ವಿಶ್ವ ಆಹಾರ ಕಾರ್ಯಕ್ರಮದ ಲೆಕ್ಕ ತಿಂಗಳಿಗೆ 62,000 ಟನ್, ಅಂದರೆ ದಿನಕ್ಕೆ 2,000 ಟನ್ ಮೇಲೆ. ಲಾರಿಗೆ 20 ಟನ್ ಹಿಡಿದರೂ ನೂರು ದಾಟುತ್ತದೆ.

ಗಡಿ ದಾಟಿದ ಲಾರಿಯನ್ನು ಎಣಿಸಿ ‘ಕೊಟ್ಟೆವಲ್ಲ’ ಅನ್ನುವುದು ಇಲ್ಲಿನ ದೊಡ್ಡ ಕಣ್ಕಟ್ಟು. ಲಾರಿ ಗಡಿಯಲ್ಲಿ ಇಳಿಸುತ್ತದೆ, ಅಲ್ಲಿಂದ ಬೇರೆ ಲಾರಿಗೆ ತುಂಬಬೇಕು. ಆ ಲಾರಿಗೆ ಡೀಸೆಲ್, ದಾರಿಗೆ ಅನುಮತಿ, ಹಸಿದ ಗುಂಪನ್ನು ದಾಟುವ ಭದ್ರತೆ ಬೇಕು. ಗೋಧಿಹಿಟ್ಟು ಸಿಕ್ಕರೆ ಗ್ಯಾಸ್ ಬೇಕು, ನೀರು ಬೇಕು. 2025ರ ಮಾರ್ಚ್ 2ರಿಂದ ಎಲ್ಲ ಸರಕೂ ನಿಂತಾಗ ಆ ತಿಂಗಳು ಮುಗಿಯುವಷ್ಟರಲ್ಲಿ ವಿಶ್ವ ಆಹಾರ ಕಾರ್ಯಕ್ರಮದ ನೆರವಿನ 25 ಬೇಕರಿಗಳೂ ಮುಚ್ಚಿದವು, ಹಿಟ್ಟಿನ ಜೊತೆಗೆ ಗ್ಯಾಸೂ ಮುಗಿದಿತ್ತು. ಹನ್ನೊಂದು ವಾರದ ಮೇಲೆ ಬಾಗಿಲು ಸ್ವಲ್ಪ ತೆರೆದು ಮೇ ಕೊನೆಯಲ್ಲಿ ಹೊಸ ವಿತರಣೆ ಶುರುವಾಯಿತು. ವಿಶ್ವಸಂಸ್ಥೆಯ ವ್ಯವಸ್ಥೆಯಲ್ಲಿದ್ದ ಸುಮಾರು 400 ಜಾಗಗಳ ಬದಲು 4. ಪೆಟ್ಟಿಗೆಯಲ್ಲಿ ಅಕ್ಕಿ, ಬೇಳೆ, ಪಾಸ್ತಾ, ಎಲ್ಲವೂ ಬೇಯಿಸಬೇಕಾದದ್ದು. ಮೈಲಿಗಟ್ಟಲೆ ನಡೆದು ಒಂದು ಪೆಟ್ಟಿಗೆ ಹೊರಬಲ್ಲವನು ಗಟ್ಟಿ ಗಂಡಸು. ಬಾಣಂತಿ, ಮುದುಕರು, ಕಾಲು ಕಳೆದುಕೊಂಡವರು ಹೇಗೆ ಹೋಗುತ್ತಾರೆ? ಆ ಕೇಂದ್ರಗಳ ಸುತ್ತ ಗುಂಡೇಟಿನಿಂದ ನೂರಾರು ಜನ ಸತ್ತರು.

ಘಟಪ್ರಭಾ:
ಬರಗಾಲ ಅಂತ ಘೋಷಿಸಿದ್ದು ಅಳತೆಗೋಲನ್ನ ಇಳಿಸಿ ಅಂತ ಇಸ್ರೇಲ್ ಹೇಳತೈತಲ್ರೀ?

ರಾಗಿಮುದ್ದೆ:
ಹೇಳುತ್ತದೆ. ಘೋಷಿಸುವುದು ಐಪಿಸಿ ಎಂಬ, ಹಸಿವಿನ ತೀವ್ರತೆ ಅಳೆಯುವ ಅಂತರರಾಷ್ಟ್ರೀಯ ವ್ಯವಸ್ಥೆ (ನಮ್ಮ ಹಳೆಯ ದಂಡಸಂಹಿತೆಯಲ್ಲ). ಅದರ ಮೂರು ಗೆರೆ: ಶೇ 20 ಮನೆಗಳಲ್ಲಿ ಆಹಾರದ ತೀವ್ರ ಅಭಾವ, ಶೇ 30 ಮಕ್ಕಳಲ್ಲಿ ತೀವ್ರ ಅಪೌಷ್ಟಿಕತೆ, ದಿನಕ್ಕೆ 10,000ಕ್ಕೆ 2 ಸಾವು. ಈ ಶೇ 30 ತೂಕ-ಎತ್ತರ ಅಳೆದಾಗಿನದು. ತಕ್ಕಡಿ, ಎತ್ತರದ ಹಲಗೆ ಹೊತ್ತು ಮನೆ ಮನೆಗೆ ಹೋಗಲಾಗದ ಕಡೆ ತೋಳಿನ ಪಟ್ಟಿ ಬಳಸುತ್ತಾರೆ. ನಮ್ಮ ಅಂಗನವಾಡಿಗಳಲ್ಲಿ ಇರುವಂಥದ್ದೇ: ಆರು ತಿಂಗಳಿಂದ ಐದು ವರ್ಷದ ಮಗುವಿನ ಮೇಲ್ತೋಳಿನ ನಡುವೆ ಸುತ್ತಿದಾಗ 125 ಮಿಲಿಮೀಟರ್‌ಗಿಂತ ಕಡಿಮೆ ಬಂದರೆ ಅಪೌಷ್ಟಿಕ, 115ಕ್ಕಿಂತ ಕೆಳಗೆ ಕೆಂಪು. ತೋಳಿನ ಪಟ್ಟಿ ಸಾಮಾನ್ಯವಾಗಿ ಕಡಿಮೆ ಮಕ್ಕಳನ್ನು ಹಿಡಿಯುತ್ತದೆ, ಹಾಗಾಗಿ ಅದಕ್ಕೆ ಗೆರೆ ಶೇ 15. 2025ರ ಆಗಸ್ಟ್ 22ರಂದು ಗಾಜಾ ಪ್ರಾಂತ್ಯದಲ್ಲಿ ಬರಗಾಲ ಎಂದಾಗ ಬಳಸಿದ್ದು ಇದನ್ನು. ಕೈಪಿಡಿಯಲ್ಲಿ ಮೊದಲೇ ಇದ್ದ ನಿಯಮ ಅನ್ನುವುದು ಅವರ ಉತ್ತರ, ನನಗೆ ಅದು ಸರಿಯೆನಿಸುತ್ತದೆ. ಆದರೆ ಸಾವಿನ ದರದ ಮಾಹಿತಿ ತೆಳುವಾಗಿತ್ತು ಅನ್ನುವ ಟೀಕೆಯನ್ನು ತಳ್ಳಿಹಾಕಲಾರೆ. ಮನೆಯಲ್ಲಿ ಹಸಿವಿಗೆ ಸತ್ತ ಮಗು ಯಾವ ಶವಾಗಾರದ ಪುಸ್ತಕಕ್ಕೂ ಏರುವುದಿಲ್ಲ.

ತೋಪಿನಮನೆ:
ಆಹಾರ ಒಯ್ಯುವವರ ಮೇಲೆಯೇ ಬಿದ್ದದ್ದನ್ನೂ ಸೇರಿಸಿ. 2024ರ ಏಪ್ರಿಲ್ 1ರ ರಾತ್ರಿ, ವರ್ಲ್ಡ್ ಸೆಂಟ್ರಲ್ ಕಿಚನ್‌ನ ಮೂರು ಗಾಡಿಗಳು, ದೈರ್ ಅಲ್-ಬಲಾದ ಗೋದಾಮಿನಲ್ಲಿ ಆಹಾರ ಇಳಿಸಿ ಹೊರಟಿದ್ದವು. ದಾರಿ, ಹೊತ್ತು ಎಲ್ಲ ಸೇನೆಗೆ ಮೊದಲೇ ತಿಳಿಸಿದ್ದರು. ಡ್ರೋನ್ ಮೊದಲ ಗಾಡಿಗೆ ಹೊಡೆಯಿತು. ಬದುಕುಳಿದವರು ಎರಡನೆಯದಕ್ಕೆ ಹತ್ತಿದರು, ಅದಕ್ಕೂ ಬಿತ್ತು, ಆಮೇಲೆ ಮೂರನೆಯದು. ಏಳು ಜನ ಸತ್ತರು. ಸೇನೆಯ ತನಿಖೆಯಲ್ಲಿ ಹೊರಬಿದ್ದದ್ದು: ಸಂಚಾರದ ಯೋಜನೆ ಡ್ರೋನ್ ನಡೆಸುವವರ ತನಕ ತಲುಪಿರಲಿಲ್ಲ, ಒಬ್ಬನ ಹೆಗಲ ಚೀಲ ಬಂದೂಕಿನಂತೆ ಕಂಡಿತ್ತು, ಛಾವಣಿಯ ಲಾಂಛನ ರಾತ್ರಿಯ ಕ್ಯಾಮೆರಾಕ್ಕೆ ಕಾಣಲಿಲ್ಲ. ಇಬ್ಬರು ಅಧಿಕಾರಿಗಳನ್ನು ವಜಾ ಮಾಡಿದರು. ಉಷ್ಣ ನೋಡುವ ಕ್ಯಾಮೆರಾಕ್ಕೆ ಬಣ್ಣದ ಸ್ಟಿಕರ್ ಕಾಣುವುದಿಲ್ಲ ಅನ್ನುವುದು ಯುದ್ಧ ಶುರುವಾದ ದಿನವೇ ಎಲ್ಲರಿಗೂ ಗೊತ್ತಿದ್ದ ಸಂಗತಿ. ಶಾಖ ಬೇರೆಯಾಗಿ ತೋರುವ ಗುರುತು ಫಲಕ ಕೊಡಬಹುದಿತ್ತು. ‘ತಪ್ಪಾಯಿತು’ ಅನ್ನುವುದಕ್ಕೂ ‘ತಪ್ಪಾಗದಂತೆ ನೋಡಿಕೊಳ್ಳಲಿಲ್ಲ’ ಅನ್ನುವುದಕ್ಕೂ ಕಲಂ 57ರಲ್ಲಿ ಬಹಳ ವ್ಯತ್ಯಾಸವಿದೆ.

2025ರ ಮಾರ್ಚ್ 23, ರಫಾ. ರೆಡ್ ಕ್ರೆಸೆಂಟ್‌ನ 8 ಜನ ಸೇರಿ 15 ತುರ್ತು ನೆರವಿನ ಸಿಬ್ಬಂದಿಯನ್ನು ಕೊಂದು ಮರಳಲ್ಲಿ ಹೂತರು. ದೀಪ ಹಾಕದೆ ಅನುಮಾನಾಸ್ಪದವಾಗಿ ಬಂದರು ಅಂತ ಸೇನೆ ಹೇಳಿತ್ತು. ಸತ್ತ ಸಿಬ್ಬಂದಿಯೊಬ್ಬರ ಫೋನಿನಲ್ಲಿದ್ದ ವಿಡಿಯೊದಲ್ಲಿ ಆಂಬುಲೆನ್ಸಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಸೇನೆ ಹೇಳಿಕೆ ತಿದ್ದಿಕೊಂಡಿತು.

ನೇತ್ರಾವತಿ ದಡ:
ನರಮೇಧದ ಕೇಸು ಏನಾಯ್ತು? ನಮ್ಮವರೊಬ್ಬರು ಜಡ್ಜ್ ಇದ್ದರಲ್ಲ.

ಕಲಂ57:
ದಲ್ವೀರ್ ಭಂಡಾರಿ. ದಕ್ಷಿಣ ಆಫ್ರಿಕಾ ಇಸ್ರೇಲ್ ವಿರುದ್ಧ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ (ವಾರಂಟ್ ಹೊರಡಿಸಿದ ಕ್ರಿಮಿನಲ್ ನ್ಯಾಯಾಲಯ ಬೇರೆ) 2023ರ ಡಿಸೆಂಬರ್ 29ರಂದು ಹೂಡಿದ ಮೊಕದ್ದಮೆಯಲ್ಲಿ 2024ರ ಜನವರಿ 26ರ ಮಧ್ಯಂತರ ಆದೇಶಕ್ಕೆ ಅವರೂ ಬಹುಮತದ ಜೊತೆ ನಿಂತರು. ಅಂತಿಮ ತೀರ್ಪಿಗೆ ವರ್ಷಗಳು ಬೇಕು. 2025ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ತನಿಖಾ ಆಯೋಗ ಇದು ನರಮೇಧವೇ ಎಂದಿತು, ಇಸ್ರೇಲ್ ಅದನ್ನು ತಿರಸ್ಕರಿಸಿದೆ. ಆ ಪದಕ್ಕೆ ಒಂದು ಜನಾಂಗವನ್ನು ನಾಶಮಾಡುವ ಉದ್ದೇಶ ಸಾಬೀತಾಗಬೇಕು. ಟಿಪ್ಪಣಿಯಲ್ಲಿ ಅದನ್ನೇ ಮುಂದಿಟ್ಟರೆ ಮಕ್ಕಳು ಆ ಒಂದು ಪದದ ಮೇಲೆಯೇ ಹೊಡೆದಾಡುತ್ತಾರೆ, ಮೇಲಿನದ್ಯಾವುದನ್ನೂ ಓದುವುದಿಲ್ಲ.

ಹೊಂಗೆನೆರಳು:
ಹಾಗಾದರೆ ನಾನು ಮಾಡಿಟ್ಟಿದ್ದ ಪಟ್ಟಿಯಿಂದ ‘ಎರಡೂ ಕಡೆ ಸತ್ತವರು’ ಅನ್ನುವ ಕಾಲಂ ತೆಗೆಯುತ್ತೇನೆ. ಒಂದೊಂದು ಘಟನೆಗೆ ಹೀಗೆ ಕಾಲಂ ಹಾಕುತ್ತೇನೆ: ಗುರಿ ಯಾರು, ಆ ಹೊತ್ತಿಗೆ ಏನು ಗೊತ್ತಿತ್ತು, ಯಾವ ಆಯುಧ, ಬೇರೆ ದಾರಿ ಇತ್ತೇ, ಎಚ್ಚರಿಕೆಗೂ ದಾಳಿಗೂ ಎಷ್ಟು ನಿಮಿಷ.

ತೋಪಿನಮನೆ:
‘ಮಾಹಿತಿ ಎಷ್ಟು ಗಂಟೆ ಹಳೆಯದು’ ಅಂತ ಒಂದು ಕಾಲಂ ಸೇರಿಸಿ. ಶೆಹಾದೆ ಪ್ರಕರಣ ಅಲ್ಲೇ ಸಿಕ್ಕಿಬೀಳುತ್ತದೆ.

ಘಟಪ್ರಭಾ:
ಅಕ್ಟೋಬರ್ 7ಕ್ಕೂ ಅದೇ ಕಾಲಂ ಹಾಕ್ರಿ. ಮೊದಲನೇ ಮನಿಯೊಳಗ ‘ನಾಗರಿಕರು’ ಅಂತ ಬರದ ಮ್ಯಾಲೆ ಉಳಿದ ಮನಿ ಖಾಲಿ ಬಿಡ್ರಿ, ತುಂಬಾಕ ಹೋಗಬ್ಯಾಡ್ರಿ.